ಗೆದ್ದಲು ಮುಟ್ಟದ ಕಟ್ಟಿಗೆ

ಮಾಂಸಕ್ಕೆ ಹೊಗೆ ಹಾಕುವ ಕಟ್ಟಿಗೆ ಅಂದರೆ ಎಲ್ಲರೂ ಮೊದಲು ಮರದ ಜಾತಿ ಕೇಳುತ್ತಾರೆ. ನಾನೂ ಕೇಳುತ್ತಿದ್ದೆ. ಈಗ ಕಟ್ಟಿಗೆಯ ಮೇಲೆ ಯಾರು ಓಡಾಡುತ್ತಿದ್ದಾರೆ ಅಂತ ನೋಡುತ್ತೇನೆ. ಇರುವೆಯೋ ಜೇಡವೋ ಗೆದ್ದಲೋ, ಏನಾದರೊಂದು ಇರಬೇಕು. ಏನೂ ಇಲ್ಲದ ಕಟ್ಟಿಗೆಯನ್ನು ನಾನು ಕೈಯಿಂದಲೂ ಮುಟ್ಟುವುದಿಲ್ಲ. ಈ ಬುದ್ಧಿ ನನಗೆ ಹುಟ್ಟಿನಿಂದ ಬಂದದ್ದಲ್ಲ, ಒಂದು ಬಯಕೆ ಊಟದ ದೆಸೆಯಿಂದ ಬಂತು.

ನಮ್ಮದು ದೇವಸಮುದ್ರದ ಹತ್ತಿರದ ಒಂದು ಸಣ್ಣ ಹಳ್ಳಿ. ಹೊಲದ ಕೂಲಿ ಇಲ್ಲದ ದಿನಗಳಲ್ಲಿ ನಾನು ಮತ್ತು ನನ್ನ ಅತ್ತೆ ಕೇಳಿದವರಿಗೆ ಹೊಗೆ ಖಂಡ ಮಾಡಿಕೊಡುತ್ತೇವೆ. ಕುರಿ ಮಾಂಸವನ್ನು ಎಳೆಯ ಉದ್ದಕ್ಕೆ ಸೀಳಿ, ಕೊಬ್ಬು ತೆಗೆದು, ಉಪ್ಪು, ಅರಿಸಿನ, ಬೆಳ್ಳುಳ್ಳಿ, ಖಾರ ಹಚ್ಚಿ, ಹಗ್ಗದ ಮೇಲೆ ಬಿಸಿಲಿಗೆ ಒಣಗಿಸಿ, ಕೊನೆಗೆ ಹೊಗೆಯಲ್ಲಿ ತೂಗಹಾಕಿದರೆ ಹೊಗೆ ಖಂಡ. ಹಿತ್ತಲಲ್ಲಿ ತಗಡಿನ ಸೂರಿನ ಒಂದು ಪುಟ್ಟ ಕೋಣೆ ಇದೆ. ಬೆಂಕಿಯ ಗುಂಡಿ ಕೋಣೆಯ ಹೊರಗೆ. ಗುಂಡಿಯಿಂದ ಕೋಣೆಗೆ ಒಂದು ಕಾಲುವೆ ತೋಡಿ ಮೇಲೆ ಕಲ್ಲುಚಪ್ಪಡಿ ಮುಚ್ಚಿದ್ದೇವೆ. ಹೊಗೆ ಆ ಕಾಲುವೆಯಲ್ಲಿ ಹರಿದು ಆರಿಕೊಂಡು ಒಳಗೆ ಬರಬೇಕು. ಹೊಗೆಯಲ್ಲಿ ಕೈ ಇಟ್ಟರೆ ಬೆಚ್ಚಗೆ ಅನ್ನಿಸಬೇಕೇ ಹೊರತು ಬಿಸಿ ಅನ್ನಿಸಬಾರದು. ಬಿಸಿಯಾದರೆ ಮಾಂಸ ಬೇಯುತ್ತದೆ, ಒಣಗುವುದಿಲ್ಲ.

ದೀಪಾವಳಿ ಮುಗಿದ ಹೊಸತರಲ್ಲಿ ಬಿ.ಜಿ. ಕೆರೆಯಿಂದ ಒಬ್ಬ ಹೆಂಗಸು ನಮ್ಮನ್ನು ಹುಡುಕಿಕೊಂಡು ಬಂದಳು. ಹೊಲ ಮನೆ ಇರುವ ಕುಟುಂಬ. ಮಗಳಿಗೆ ಏಳು ತಿಂಗಳು ತುಂಬುತ್ತಿತ್ತು, ಕುಬುಸ ಮಾಡಿ ಬಯಕೆ ಊಟ ಇಕ್ಕಬೇಕಿತ್ತು. ಹಿಂದೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತಂತೆ. ಅದನ್ನು ಹೇಳುವಾಗ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು.

"ಏನು ಮಾಡಿಕ್ಕಿದ್ರೂ ಉಣ್ತಿಲ್ಲ ಅಕ್ಕಾ. ಅವ್ರಜ್ಜಿ ಮಾಡ್ತಿದ್ದ ಹೊಗೆ ಖಂಡನೇ ಬೇಕು ಅಂತಾಳೆ. ಅಜ್ಜಿ ಹೋಗಿ ಬಾಳ ದಿನ ಆತು. ಕುಬುಸದ ದಿನಕ್ಕಾದ್ರೂ ಮಾಡಿಕೊಡ್ರಿ. ಇದೊಂದು ಉಳಕಂಡ್ರೆ ಸಾಕು ನಮಗೆ."

ನಾನು ಹಿಂದೆ ಮುಂದೆ ನೋಡಿದೆ. ಆಕಾಶ ಮೋಡ ಮುಚ್ಚಿತ್ತು, ಎಲ್ಲೋ ಸಮುದ್ರದಲ್ಲಿ ಚಂಡಮಾರುತ ಅಂತ ಟಿ.ವಿ.ಯಲ್ಲಿ ಹೇಳುತ್ತಿದ್ದರು. ಅತ್ತೆ ನನ್ನ ಮುಖ ಕೂಡ ನೋಡದೆ ಒಪ್ಪಿಕೊಂಡುಬಿಟ್ಟರು. "ಬಸುರಿ ಬಾಯಿ ಕಟ್ಟಬಾರ್ದು ಕಣೆ. ಇಲ್ಲ ಅನ್ನಾಕೆ ನಾವ್ಯಾರು?"

ಮಳೆ ಬಂದೇ ಬಂತು. ನಮ್ಮ ಸೀಮೆಯಲ್ಲಿ ಬೇಕಾದಾಗ ಬಾರದ ಮಳೆ ಬೇಡವಾದಾಗ ನೆಂಟನ ಹಾಗೆ ಬಂದು ಕೂತುಬಿಡುತ್ತದೆ. ನಾನು ವರ್ಷದಿಂದ ಒಟ್ಟಿದ್ದ ಬಾರೆ, ಅಂದರೆ ಎಲಚಿ ಮರದ ಕಟ್ಟಿಗೆ ಪೂರ್ತಿ ನೆನೆಯಿತು. ಹೊಗೆಗೆ ಬಾರೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದರ ತೊಗಟೆ ಸುಲಿದು, ಮೊಳದುದ್ದ ಸೀಳಿ ಇಟ್ಟರೆ ಹೊಗೆ ಸಿಹಿಯಾಗಿರುತ್ತದೆ. ಅದಿಲ್ಲದಿದ್ದರೆ ಕರಿಜಾಲಿ ನಡೆಯುತ್ತದೆ. ಬಳ್ಳಾರಿ ಜಾಲಿ ಕೆಂಡಕ್ಕೆ ಸರಿ, ಅದರ ಹೊಗೆ ಗಂಟಲು ಕೆರೆಯುತ್ತದೆ. ಬೇವು ಕಹಿ. ಕಣಗಿಲೆಯ ಒಂದು ಕಡ್ಡಿ ಒಲೆಗೆ ಬಿದ್ದರೂ ಅತ್ತೆ ಪಾತ್ರೆಯಲ್ಲಿದ್ದದ್ದನ್ನು ಚೆಲ್ಲಿಬಿಡುತ್ತಾರೆ. ವಿಷದ ಮರಗಳನ್ನೆಲ್ಲ ನಮ್ಮ ಮನೆಯಲ್ಲಿ ಹೆಸರು ಹಿಡಿದು ಬಲ್ಲೆವು. ಆ ಜಂಬ ನಮಗಿತ್ತು.

ಒಟ್ಟಿನ ಅಡಿಯ ಕಟ್ಟಿಗೆ ಎತ್ತಿದರೆ ಹಗುರ. ಗೆದ್ದಲು ಒಳಗೆಲ್ಲ ತಿಂದು ಮೇಲೆ ಸಿಪ್ಪೆ ಬಿಟ್ಟಿತ್ತು. ನಾನು ಗೆದ್ದಲಿನ ಏಳು ತಲೆಮಾರಿಗೂ ಶಾಪ ಹಾಕಿದೆ. ಈ ಭಾಗದಲ್ಲಿ ಗೆದ್ದಲು ಬಿಡುವುದು ಕಲ್ಲನ್ನು ಮಾತ್ರ. ನೇಗಿಲು, ಬಾಗಿಲ ಚೌಕಟ್ಟು, ತೊಟ್ಟಿಲು, ಏನು ಕೊಳ್ಳುವುದಾದರೂ ಹಿರಿಯರು ಕೇಳುವುದು ಒಂದೇ ಮಾತು, ಗೆದ್ದಲು ಹಿಡಿಯುತ್ತದಾ ಅಂತ.

ಒಣ ಕಟ್ಟಿಗೆ ಹುಡುಕಿಕೊಂಡು ಬಸ್ ಹತ್ತಿ ಚಳ್ಳಕೆರೆ ದಾಟಿ ತವರಿಗೆ ಹೋದೆ. ತವರು ಉಳ್ಳಾರ್ತಿ ಕಾವಲಿನ ಹುಲ್ಲುಗಾವಲ ಅಂಚಿನಲ್ಲಿದೆ. ಹುಡುಗಿಯಾಗಿದ್ದಾಗ ಅಲ್ಲಿ ಬಾರೆ ಕಡ್ಡಿ ಆರಿಸಿ ಹೊರೆ ಕಟ್ಟುತ್ತಿದ್ದೆ. ಈಗ ಆ ಜಾಗವನ್ನು ಸರ್ಕಾರ ತೆಗೆದುಕೊಂಡು ಸುತ್ತ ಗೋಡೆ ಹಾಕಿದೆ. "ಒಳಗೆ ಕಾಲಿಟ್ರೆ ಕೇಸ್ ಹಾಕ್ತಾರೆ ಅಕ್ಕ," ಅಂದ ತಮ್ಮ, ತನ್ನ ಹೊಲದ ಬದುವಿನಿಂದ ಒಂದು ಹೊರೆ ಜಾಲಿ ಕೊಟ್ಟ. ಎರಡು ತುಂಡು ತೆಗೆದು ಒಂದಕ್ಕೊಂದು ಬಡಿದು ನೋಡಿದೆ. ಒಣಗಿದ್ದರೆ ಕಂಚಿನಂತೆ ಸದ್ದು ಬರಬೇಕು, ಇದು ದಬ್ ಅಂದಿತು. ಹಸಿ ಕಟ್ಟಿಗೆಯ ಹೊಗೆ ಬೆಳ್ಳಗೆ ದಟ್ಟವಾಗಿ ಎದ್ದು ಮಾಂಸವನ್ನು ಹುಳಿ ಮಾಡುತ್ತದೆ. ಹೊರೆಯನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ವಾಪಸು ಬಂದೆ.

ಅತ್ತೆ ಆಗಲೇ ಎರಡು ಕುರಿಯ ಮಾಂಸ ಸೀಳಿ ಉಪ್ಪು ಹಚ್ಚಿದ್ದರು. ಬಿಸಿಲಿಲ್ಲ, ಹಗ್ಗದ ಮೇಲೆ ಮಾಂಸ ಜಿನುಗುತ್ತಿತ್ತು, ನೊಣಗಳು ಅಲೆ ಅಲೆಯಾಗಿ ಬರುತ್ತಿದ್ದವು. ನೊಣ ಮೊಟ್ಟೆ ಇಟ್ಟರೆ ಹುಳ, ಹುಳವಾದರೆ ಎಲ್ಲ ಮಣ್ಣುಪಾಲು. ಇಬ್ಬರೂ ಸರದಿಯ ಮೇಲೆ ಬೇವಿನ ಸೊಪ್ಪು ಬೀಸುತ್ತ ನಿಂತೆವು. ಆ ಹೊತ್ತಿಗೆ ಆ ಟೆಂಪೊ ಬಂತು.

ಓಡಿಸುತ್ತಿದ್ದವನು ಆಂಧ್ರದ ಗಡಿಯ ಕಡೆಯವನು, ಹಳೇ ಕಟ್ಟಡ ಕೆಡವಿದ ಕಡೆ ಮರ ಕೊಂಡು ಊರೂರಿಗೆ ಮಾರುವವನು. ಟಾರ್ಪಾಲು ಸರಿಸಿ ತೋರಿಸಿದ. ಕಮರ ಮರದ ತೊಲೆಗಳು, ಹಲಗೆಗಳು. ಕೆಂಪಗೆ, ಬಿಗಿಯಾಗಿ, ಒಣಗಿ ಕಲ್ಲಾಗಿದ್ದವು.

"ಚೂಡಮ್ಮಾ, ಎಂಥ ಕಟ್ಟಿಗೆ! ನಮ್ಮ ತಾತನ ಕಾಲದ್ದು. ಚೆದ, ಅದೇ ನಿಮ್ಮ ಗೆದ್ದಲು, ಒಂದು ಹಲ್ಲು ಹಾಕಿಲ್ಲ ನೋಡಮ್ಮಾ."

"ಯಾವ ಮನೇದು?" ಅಂದೆ.

"ಮನೇದಲ್ಲಮ್ಮಾ, ಹಳೇ ಗೋಡೌನ್. ಶೇಂಗಾ ಇಡ್ತಿದ್ರು. ಅಟ್ಟದ ಹಲಗೆ ಇವು."

ನಾನು ಬಲ್ಲ ಪರೀಕ್ಷೆಗಳನ್ನೆಲ್ಲ ಮಾಡಿದೆ. ಬಣ್ಣ ಬಳಿದಿದೆಯಾ ನೋಡಿದೆ, ಇಲ್ಲ. ಎಣ್ಣೆ, ಟಾರು, ಸಿಮೆಂಟು ಅಂಟಿದೆಯಾ ನೋಡಿದೆ, ಇಲ್ಲ. ಬಡಿದೆ, ಕಂಚಿನಂತೆ ಸದ್ದು ಬಂತು. ಕುಡುಗೋಲಿನಿಂದ ಕೆತ್ತಿ ನಾಲಗೆಗೆ ಮುಟ್ಟಿಸಿದೆ. ಸ್ವಲ್ಪ ಕಹಿ ಇತ್ತು, ಕಮರದ ಗುಣ ಅಂದುಕೊಂಡೆ. ಮೂಸಿದೆ. ಮುಗ್ಗಲು ವಾಸನೆ ಬಂತು, ಹಳೇ ಕಟ್ಟಡ ತಾನೇ ಅಂದುಕೊಂಡೆ. ಅತ್ತೆ ಹಲಗೆಯ ಮೇಲೆ ಅಂಗೈ ಸವರಿ, "ಇಷ್ಟು ವರ್ಷ ಇದ್ರೂ ಗೆದ್ಲು ಮುಟ್ಟಿಲ್ಲ ಅಂದ್ರೆ ದೇವರಂಥ ಕಟ್ಟಿಗೆ ಕಣೆ ಇದು," ಅಂದರು. ಅಗ್ಗಕ್ಕೆ ಮುಗ್ಗಿದ ಜೋಳ ತಂದರು ಅಂತ ಊರವರನ್ನು ಆಡಿಕೊಳ್ಳುವವಳು ನಾನು. ಆವತ್ತು ನಾನೇ ನಿಂತು ಇಳಿಸಿಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಗುಂಡಿಗೆ ಬೆಂಕಿ ಹಾಕಿದೆವು. ಕಟ್ಟಿಗೆ ಚೆನ್ನಾಗಿಯೇ ಹತ್ತಿತು. ಮೇಲೆ ಶೇಂಗಾ ಸಿಪ್ಪೆ ಮುಚ್ಚಿ ಉರಿ ತಗ್ಗಿಸಿದಾಗ ಹೊಗೆ ತೆಳ್ಳಗೆ ನೀಲಿಯಾಗಿ ಕಾಲುವೆಯಲ್ಲಿ ಹರಿಯಿತು. ಅಂಥ ಹೊಗೆ ಬಂದರೆ ನಮಗೆ ಹಬ್ಬ. ಸ್ವಲ್ಪ ಹೊತ್ತಿಗೆ ಕೋಣೆಯೊಳಗಿನ ನೊಣಗಳ ಸದ್ದು ನಿಂತಿತು. ಇಣುಕಿ ನೋಡಿದರೆ ಒಂದು ನೊಣವೂ ಮಾಂಸದ ಮೇಲಿರಲಿಲ್ಲ. ಎಲ್ಲ ನೆಲದ ಮೇಲೆ ಬಿದ್ದಿದ್ದವು, ಕೆಲವು ಬೆನ್ನು ಕೆಳಗಾಗಿ ಬುಗುರಿಯಂತೆ ಸುತ್ತುತ್ತಿದ್ದವು.

"ನೋಡ್ದೇನೇ? ಕಟ್ಟಿಗೆ ಖಾರ ಹೆಂಗೈತೆ!" ಅತ್ತೆ ನಕ್ಕರು. ನಾನೂ ನಕ್ಕೆ. ಪೊರಕೆ ತಂದು ಗುಡಿಸಿ ಹಾಕಿದೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊಗೆ ಕುಡಿದ ಮೊದಲ ತುಂಡನ್ನು ತಗಡಿನ ಮೇಲೆ ಎಸೆಯುತ್ತೇವೆ. ಅದು ಮೇಲಿನವರ ಪಾಲು. ಮೇಲಿನವರು ಅಂದರೆ ಕಾಗೆ, ಹದ್ದು. ಎರಡನೆಯ ತುಂಡು ಬೆಂಕಿ ಕಾದವರಿಗೆ. ಸಂಜೆ ಅತ್ತೆ ಮೊದಲನೆಯದನ್ನು ಮೇಲೆಸೆದು ಎರಡನೆಯದನ್ನು ತಾವು ಬಾಯಿಗೆ ಹಾಕಿಕೊಂಡರು. ಅಗಿದು, "ಉಪ್ಪು ಸರಿ ಐತೆ, ಹೊಗೆ ಇನ್ನೂ ಬೇಕು," ಅಂದರು.

ಬೆಳಿಗ್ಗೆ ಎದ್ದು ನೋಡಿದರೆ ಮೇಲಿನವರ ಪಾಲು ತಗಡಿನ ಮೇಲೆ ಹಾಗೇ ಇತ್ತು. ನಮ್ಮೂರ ಹದ್ದುಗಳು ಕೈಯಲ್ಲಿದ್ದದ್ದನ್ನೇ ಕಿತ್ತುಕೊಂಡು ಹೋಗುವಂಥವು. ಮೋಡಕ್ಕೆ ಬಂದಿಲ್ಲವೇನೋ ಅಂದುಕೊಂಡೆ. ಮಧ್ಯಾಹ್ನ ಒಂದು ಕಾಗೆ ಬಂದು ಕುಳಿತಿತು. ತುಂಡಿನ ಹತ್ತಿರ ಹೋಗಿ, ಕತ್ತು ಓರೆ ಮಾಡಿ ನೋಡಿ, ಹಿಂದಕ್ಕೆ ಕುಪ್ಪಳಿಸಿ ಹಾರಿಹೋಯಿತು. ಅದನ್ನು ನೋಡಿಯೂ ನಾನು ಗುಂಡಿಗೆ ಇನ್ನೊಂದು ಹಲಗೆ ಹಾಕಿದೆ.

ಅದೇ ದಿನ ಬಿ.ಜಿ. ಕೆರೆಯ ತಾಯಿ ಬಂದಳು. ಸಾಲಾಗಿ ತೂಗುತ್ತಿದ್ದ ಖಂಡ ನೋಡಿ ಅವಳ ಮುಖ ಅರಳಿತು. "ಒಂದ್ನಾಲ್ಕು ತುಂಡು ಈಗ್ಲೇ ಕೊಡ್ರಿ ಅಕ್ಕಾ, ಹುಡ್ಗಿ ದಾರಿ ಕಾಯ್ತೈತೆ," ಅಂದಳು. ಅತ್ತೆ ಕಾಗದದಲ್ಲಿ ಕಟ್ಟಿ ಕೊಟ್ಟರು. ಹೋಗುವಾಗ ಅವಳು ಕಟ್ಟಿಗೆ ನೋಡಿ ನಿಂತಳು. "ನಮ್ಮ ಮನೇಲಿ ಕುಬುಸದ ಅಡಿಗೆಗೂ ಒಣ ಕಟ್ಟಿಗೆ ಇಲ್ಲ. ಇದು ಎಲ್ಲಿ ಸಿಗ್ತು?" ನಾನು ಟೆಂಪೊದವನ ಫೋನ್ ನಂಬರ್ ಕೊಟ್ಟೆ.

ಅತ್ತೆಗೆ ಆವತ್ತೇ ತಲೆನೋವು ಹಿಡಿದಿತ್ತು. ಹೊಗೆಯ ಕೆಲಸದಲ್ಲಿ ತಲೆನೋವು ಹೊಸದಲ್ಲ. ಆದರೆ ಸಂಜೆ ಟೀ ಕೊಟ್ಟಾಗ ಲೋಟ ಅವರ ಕೈಯಲ್ಲಿ ನಿಲ್ಲಲಿಲ್ಲ. "ಏನತ್ತೆ, ಹೊಸ ಮದುವಣಗಿತ್ತಿ ಹಂಗೆ ನಡುಗ್ತೀರಿ?" ಅಂತ ಚುಡಾಯಿಸಿದೆ. ಅವರು ನಗಲಿಲ್ಲ. ಎದ್ದು ಗೋಡೆ ಹಿಡಿದುಕೊಂಡು ವಾಂತಿ ಮಾಡಿದರು. ಆಮೇಲೆ ಅವರ ಕೆನ್ನೆಯೂ ರೆಪ್ಪೆಯೂ ತಮ್ಮಷ್ಟಕ್ಕೆ ತಾವೇ ಅದುರತೊಡಗಿದವು. ಆಟೊ ಕರೆಸಿ ಮೊಳಕಾಲ್ಮುರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವರ ಕೈ ನನ್ನ ಕೈಯೊಳಗೆ ಹಿಡಿದ ಕೋಳಿಯ ಹಾಗೆ ಒದ್ದಾಡುತ್ತಿತ್ತು. ನನಗೆ ಬಹಳ ಹೆದರಿಕೆಯಾಯಿತು.

ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ ಕೇಳಿದ ಮೊದಲ ಮಾತು, "ಹೊಲಕ್ಕೆ ಔಷಧಿ ಹೊಡೆದಿದ್ರಾ?"

"ಇಲ್ಲ ಸಾರ್. ಹೊಲದ ಕಡೆ ಹೋಗೇ ಇಲ್ಲ. ಮನೇಲಿ ಹೊಗೆ ಮುಂದೆ ಕೂತಿದ್ರು ಅಷ್ಟೆ."

"ಏನು ಸುಡ್ತಿದ್ರಿ?"

"ಕಟ್ಟಿಗೆ," ಅಂದೆ. ಅಂದ ಕೂಡಲೇ ನೆಲದ ಮೇಲೆ ಸುತ್ತುತ್ತಿದ್ದ ನೊಣಗಳು ನೆನಪಾದವು. ಅವರು ಸೂಜಿ ಹಾಕಿ, ಅತ್ತೆಯನ್ನು ಅಲ್ಲೇ ಮಲಗಿಸಿಕೊಂಡು, ಆ ಹೊಗೆಯ ಹತ್ತಿರ ಇನ್ನು ಯಾರೂ ಹೋಗಬೇಡಿ ಅಂದರು. ಊರಿನಿಂದ ನಾದಿನಿ ಬಂದಳು. ಬೆಳಗಾದ ಮೇಲೆ ಅವಳನ್ನು ಹಾಸಿಗೆಯ ಪಕ್ಕ ಕೂರಿಸಿ ನಾನು ಮನೆಗೆ ಬಂದೆ.

ಗುಂಡಿ ತಾನಾಗಿ ಆರಿತ್ತು. ಮೇಲಿನವರ ಪಾಲು ತಗಡಿನ ಮೇಲೆ ಇನ್ನೂ ಇತ್ತು. ಏಣಿ ಹಾಕಿ ಹತ್ತಿ ನೋಡಿದೆ. ಮಾಂಸದ ತುಂಡು ತೆರೆದ ಜಾಗದಲ್ಲಿ ಇಷ್ಟು ಹೊತ್ತು ಬಿದ್ದಿದ್ದರೂ ಒಂದು ಇರುವೆ ಹತ್ತಿರಲಿಲ್ಲ. ಕೆಳಗಿಳಿದು ಹಲಗೆಯೊಂದನ್ನು ಬೆಳಕಿಗೆ ಎಳೆದೆ. ಹಲಗೆಯ ಸೀಳಿನೊಳಗೆ ಕುಡುಗೋಲಿನ ತುದಿ ಹಾಕಿ ಕೆರೆದಾಗ ಬಿಳಿ ಬೂದು ಬಣ್ಣದ ಪುಡಿ ಉದುರಿತು. ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಆಗ ನನಗೆ ಅದರ ಗುರುತು ಸಿಕ್ಕಿತು. ನಾನು ಚಿಕ್ಕವಳಿದ್ದಾಗ ಶೇಂಗಾ ಹೊಲಕ್ಕೆ ಕಂಬಳಿಹುಳ ಬಿದ್ದರೆ ಅಪ್ಪ ಹಳೇ ಕಾಲುಚೀಲದಲ್ಲಿ ಬಿಎಚ್‌ಸಿ ಅನ್ನುವ ವಿಷದ ಪುಡಿ ತುಂಬಿ ಸಾಲಿನ ಮೇಲೆ ಕುಟ್ಟುತ್ತ ಹೋಗುತ್ತಿದ್ದರು. ಬೀಜದ ಶೇಂಗಾ ಇಡುವ ಅಟ್ಟಕ್ಕೂ ಅದನ್ನೇ ಎರಚುತ್ತಿದ್ದರು. ಈಗ ಆ ಪುಡಿ ಮಾರುವಂತಿಲ್ಲ. ಆ ಗೋಡೌನಿನ ಹಲಗೆಗಳು ಎಷ್ಟೋ ವರ್ಷ ಆ ಪುಡಿ ಕುಡಿದಿದ್ದವು. ಗೆದ್ದಲು ಮುಟ್ಟದಿದ್ದದ್ದು ಮರದ ಗುಣದಿಂದಲ್ಲ. ನಾವು ಅದನ್ನು ಸುಟ್ಟು, ಆ ಹೊಗೆಯನ್ನು ಎರಡು ಕುರಿಯ ಮಾಂಸಕ್ಕೆ ಕುಡಿಸಿ, ಒಬ್ಬ ಬಸುರಿಗೆ ಕಟ್ಟಿ ಕಳಿಸಿದ್ದೆವು.

ಬಿ.ಜಿ. ಕೆರೆಯ ತಾಯಿಗೆ ಫೋನ್ ಮಾಡಿದೆ. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದೆ, ಎತ್ತಲಿಲ್ಲ. ಮಾರನೆಯ ದಿನ ಕುಬುಸ, ಮನೆ ತುಂಬ ನೆಂಟರಿರುತ್ತಾರೆ, ಫೋನ್ ಯಾವ ಮೂಲೆಯಲ್ಲಿ ಬಿದ್ದಿದೆಯೋ. ಟೆಂಪೊದವನದು ಸ್ವಿಚ್ ಆಫ್. ನಮ್ಮೂರಿಂದ ಆ ಕಡೆಯ ಬಸ್ಸು ಆಗಲೇ ಹೋಗಿತ್ತು, ಇನ್ನು ಮಾರನೆಯ ಬೆಳಿಗ್ಗೆಯೇ.

ಮಾಂಸವನ್ನು ಏನು ಮಾಡುವುದು ಎಂಬುದಕ್ಕೆ ನಾನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ತೊಳೆದರೆ ಹೋಗುತ್ತದೆ, ಕುದಿಸಿದರೆ ಹೋಗುತ್ತದೆ ಅನ್ನುವವರು ಬೇಕಾದಷ್ಟು ಜನ ಇದ್ದರು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಸರಗಳನ್ನೆಲ್ಲ ಬಿಚ್ಚಿದೆ. ಹಿತ್ತಲಿನ ಆಚೆ, ಬಾವಿಯಿಂದ ದೂರ, ಎದೆಮಟ್ಟ ಗುಂಡಿ ತೋಡಿ ಎಲ್ಲವನ್ನೂ ಹಾಕಿ ಮುಚ್ಚಿದೆ. ನಾಯಿ ಕೆದರದಿರಲಿ ಅಂತ ಮೇಲೆ ಕಲ್ಲು ಹೇರಿದೆ. ಬಣ್ಣ ನೋಡಿದರೆ ಜೇನಿನಂತೆ ಕೆಂಪಗಾಗಿತ್ತು, ನನ್ನ ಕೈಯಲ್ಲಿ ಅಷ್ಟು ಒಳ್ಳೆಯ ಬಣ್ಣ ಎಂದೂ ಬಂದಿರಲಿಲ್ಲ. ಮಣ್ಣು ಎಳೆಯುವಾಗ ಅಳು ಬಂತು, ಅತ್ತುಬಿಟ್ಟೆ.

ಅತ್ತೆಯ ನಡುಕ ಇಳಿದಿದೆ ಅಂತ ನಾದಿನಿ ಫೋನಿನಲ್ಲಿ ಹೇಳಿದ ಮೇಲೆ, ಬೆಳಗಿನ ಮೊದಲ ಬಸ್ಸಿಗೆ ಬಿ.ಜಿ. ಕೆರೆಗೆ ಹೊರಟೆ. ಬಯಕೆ ಊಟದ ಮನೆಗೆ ಬರಿಗೈಯಲ್ಲಿ ಹೋಗುವುದು ಅಪಶಕುನ. ನಾನು ಅದಕ್ಕಿಂತ ಕೆಟ್ಟ ಸುದ್ದಿ ಹೊತ್ತುಕೊಂಡು ಹೋಗುತ್ತಿದ್ದೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ತಾಯಿ ನನ್ನ ಕೈ ಖಾಲಿ ಇರುವುದನ್ನು ನೋಡಿ, "ಖಂಡ ಎಲ್ಲಿ ಅಕ್ಕಾ?" ಅಂದಳು. ನಾನು ಸೀದಾ ಒಳಗೆ ನುಗ್ಗಿದೆ.

ಹುಡುಗಿ ನಡುಮನೆಯಲ್ಲಿ ಹಸಿರು ಸೀರೆ ಉಟ್ಟು ಗೋಡೆಗೆ ಒರಗಿ ಕುಳಿತಿದ್ದಳು. ಹೊಟ್ಟೆ ಬಿಟ್ಟರೆ ಮೈಯಲ್ಲಿ ಏನೂ ಇರಲಿಲ್ಲ.

"ಅವತ್ತು ಕೊಟ್ಟಿದ್ದು ತಿಂದ್ಯೇನವ್ವಾ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅವ್ವಂಗೆ ಹೇಳಬ್ಯಾಡ್ರಿ ಚಿಕ್ಕಮ್ಮಾ. ಬಾಯಿ ತನಕ ತಂದೆ, ಆಗ್ಲಿಲ್ಲ. ನಮ್ಮಜ್ಜಿ ಖಂಡದ ವಾಸ್ನೆ ಇರ್ಲಿಲ್ಲ ಅದಕ್ಕೆ. ಎಂಥದೋ ಮುಗ್ಗಲು. ಅವ್ವ ಅಷ್ಟು ದೂರ ಹೋಗಿ ತಂದಾಳೆ ಅಂತ ಬಚ್ಚಿಟ್ಟೀನಿ." ತಲೆಯ ಹಿಂದಿನ ಗೂಡಿನಿಂದ ಕಾಗದದ ಪೊಟ್ಟಣ ತೆಗೆದಳು. ಬಿಚ್ಚಿ ನೋಡಿದೆ. ಕೊಟ್ಟಷ್ಟೂ ಇತ್ತು. ಗೂಡಿನಲ್ಲಿ ಸಾಲಾಗಿ ಹರಿಯುತ್ತಿದ್ದ ಇರುವೆಗಳು ಪೊಟ್ಟಣವಿದ್ದ ಜಾಗ ಬಿಟ್ಟು ಸುತ್ತಿಕೊಂಡು ಹೋಗಿದ್ದವು.

ನಾನು ಅವಳ ಕೆನ್ನೆ ಸವರಿ, ಎರಡೂ ಕೈಯಿಂದ ನೆಟಿಗೆ ಮುರಿದೆ. ಬದುಕಿದೆ ಅನ್ನಿಸಿತು. ಆಗ ಅವಳು ಕೆಮ್ಮಿದಳು. ಹಿತ್ತಲ ಬಾಗಿಲಿನಿಂದ ಹೊಗೆ ತೆಳ್ಳಗೆ ನೀಲಿಯಾಗಿ ಒಳಗೆ ಬರುತ್ತಿತ್ತು.

ಟೆಂಪೊದವನ ನಂಬರ್ ನಾನೇ ಕೊಟ್ಟದ್ದು. ಮಾಂಸದ ಗಾಬರಿಯಲ್ಲಿ ಅದು ನನ್ನ ತಲೆಯಿಂದ ಪೂರ್ತಿ ಹೋಗಿತ್ತು. ಹಿತ್ತಲಿಗೆ ಓಡಿದೆ. ಶಾಮಿಯಾನದ ಕೆಳಗೆ ಮೂರು ಕಲ್ಲಿನ ಒಲೆಯ ಮೇಲೆ ಬಿಂದಿಗೆ ಗಾತ್ರದ ಪಾತ್ರೆ, ಅದರ ಕೆಳಗೆ ಕೆಂಪು ಕಮರದ ಹಲಗೆಗಳು ಉರಿಯುತ್ತಿದ್ದವು. ಪಕ್ಕದಲ್ಲಿ ಇನ್ನಷ್ಟು ಒಟ್ಟಿತ್ತು. ನಾನು ತೊಟ್ಟಿಯಿಂದ ಕೊಡ ತುಂಬಿ ಒಲೆಗೆ ಸುರಿದೆ. ಮತ್ತೊಂದು ಕೊಡ ಸುರಿದೆ.

ಕುಬುಸದ ಮನೆಯ ಒಲೆ ಆರಿಸಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಹೆಂಗಸರೆಲ್ಲ ಒಟ್ಟಿಗೆ ಕೂಗಿಕೊಂಡರು. ಹುಡುಗಿಯ ಸೋದರಮಾವ ನನ್ನ ರಟ್ಟೆ ಹಿಡಿದ. "ಯಾರವ್ವಾ ನೀನು? ಹುಚ್ಚು ಹಿಡಿದೈತೇನು? ಎರಡು ಕಳಕಂಡ ಮನೆ ಇದು!"

"ಮೂರನೇದು ಕಳಕಬಾರ್ದು ಅಂತಾನೇ ಸುರಿದಿದ್ದು," ಅಂದೆ. "ಒಂದು ಅಚ್ಚು ಬೆಲ್ಲ ತರ್ರಿ. ನಿಮ್ಮ ಹಳೇ ಕಟ್ಟಿಗೆ ಒಂದು ತುಂಡು ತರ್ರಿ, ಹಸಿ ಇದ್ರೂ ಆತು."

ಯಾರೂ ಅಲುಗಲಿಲ್ಲ. ಆ ಹುಡುಗಿಯೇ ಹೊಟ್ಟೆ ಹಿಡಿದುಕೊಂಡು ಬಂದು ಆರತಿ ತಟ್ಟೆಯಲ್ಲಿದ್ದ ಬೆಲ್ಲ ಕೊಟ್ಟಳು. ನಾನು ರಟ್ಟೆ ಕೊಸರಿಕೊಂಡು ಅವಳನ್ನು ಗಾಳಿ ಬರುವ ಕಡೆಗೆ, ದೂರ, ಕಟ್ಟೆಯ ಮೇಲೆ ಕೂರಿಸಿದೆ. ಬೇಲಿಯ ಬುಡದಲ್ಲಿ ಇರುವೆ ಸಾಲಿತ್ತು. ಅದರ ಪಕ್ಕದಲ್ಲಿ, ಅಲ್ಲೇ ಬಿದ್ದಿದ್ದ ಅವರ ಜಾಲಿ ತುಂಡನ್ನೂ ಗೋಡೌನಿನ ಹಲಗೆಯನ್ನೂ ಅಕ್ಕಪಕ್ಕ ಇಟ್ಟು, ಎರಡರ ಮೇಲೂ ಬೆಲ್ಲ ಇಟ್ಟೆ. ನೆಂಟರೆಲ್ಲ ಸುತ್ತ ನಿಂತರು. ಜಾಲಿಯ ಮೇಲಿನ ಬೆಲ್ಲ ನೋಡುನೋಡುತ್ತ ಕಪ್ಪಾಯಿತು. ಹಲಗೆಯ ಅಂಚಿಗೆ ಬಂದ ಇರುವೆಗಳು ಮೀಸೆ ಆಡಿಸಿ ತಿರುಗಿ ಹೋದವು. ಒಂದು ಮಾತ್ರ ಹತ್ತಿತು. ಬೆಲ್ಲ ಮುಟ್ಟುವ ಮೊದಲೇ ಮಗುಚಿ ಬಿದ್ದು ಸುತ್ತತೊಡಗಿತು.

ಸೋದರಮಾವ ಆ ಹಲಗೆಯನ್ನು ಕಾಲಿನಿಂದ ದೂರ ಸರಿಸಿದ. ತಾಯಿ ಹೋಗಿ, ಬಟ್ಟೆ ಹಿಡಿದು ಪಾತ್ರೆ ಎತ್ತಿ, ಬೇಯುತ್ತಿದ್ದದ್ದನ್ನೆಲ್ಲ ತಿಪ್ಪೆಗೆ ಸುರಿದು ಬಂದಳು. ಆಮೇಲೆ ಮಗಳ ಪಕ್ಕದಲ್ಲಿ ಕುಳಿತು ಅವಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಹುಡುಗಿ, "ಒದೀತೈತೆ ಅವ್ವಾ," ಅಂದಳು. ಆವತ್ತಿನ ಬಯಕೆ ಊಟ ಪಕ್ಕದ ಮನೆಯ ಗ್ಯಾಸಿನ ಮೇಲೆ ಬೆಂದ ಅನ್ನ, ಮೊಸರು. ಅವಳು ಎರಡು ಸಲ ಹಾಕಿಸಿಕೊಂಡು ಉಂಡಳು.

ಉಳಿದ ಹಲಗೆಗಳನ್ನು ಹೂಳಲು ಸೋದರಮಾವ ಗುಂಡಿ ತೋಡಿಸುತ್ತಿದ್ದಾಗ ನಾನು ತಾಯಿಯನ್ನು ಕೇಳಿದೆ.

"ಟೆಂಪೊದಾಗಿದ್ದದ್ದು ಎಲ್ಲಾ ಇಷ್ಟೇ ಏನು?"

"ಇಷ್ಟೆಲ್ಲಿ ಅಕ್ಕಾ. ಅರ್ಧಾನೂ ಇಳಿಸಿಲ್ಲ," ಅಂದಳು. "ಮಳೆಗೆ ಎಲ್ರಿಗೂ ಒಣ ಕಟ್ಟಿಗೆ ಬೇಕಾಗೈತೆ ಅಂತ ಚಳ್ಳಕೆರೆ ಕಡೆ ಹೋದ."